ಕೈಗೆ ಬಟ್ಟೆ ಸುತ್ತಿಕೊಂಡವನು

ಚನ್ನರಾಯಪಟ್ಟಣ
11 ಜನವರಿ 1943, ಸೋಮವಾರ

ಅಪ್ಪ ಇವತ್ತು ಅಂಗಡಿಯ ಆಳಿನಿಂದ ಹಿಡಿದು ಹಾಲು ಕೊಡುವ ಲಕ್ಕಮ್ಮನವರೆಗೆ ಎಲ್ಲರ ಹತ್ತಿರವೂ ಕ್ಷಮೆ ಕೇಳಿದರು. ನನ್ನ ಸರದಿ ಬಂದಾಗ ನಾನು ಆಗುವುದಿಲ್ಲ ಅಂದೆ.

ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು ಐದು ತಿಂಗಳಾಯಿತು. ಹಾಸನದ ಡಾಕ್ಟರು ಕೈಚೆಲ್ಲಿದ್ದಾರೆ. ತಿಳಿಗಂಜಿ ಬಿಟ್ಟು ಏನೂ ಇಳಿಯುವುದಿಲ್ಲ. ಗಂಜಿ ಇಳಿಯುವಾಗಲೂ ಅಪ್ಪ ಗೋಡೆ ಹಿಡಿದುಕೊಳ್ಳುತ್ತಾರೆ. ಇನ್ನು ಸಲ್ಲೇಖನ ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಾರೆ. ಬಸದಿಯ ಪಂಡಿತರು ಬಂದು ಅಮ್ಮನಿಗೆ ಕ್ರಮ ಹೇಳಿದರು. ಮೊದಲು ಅನ್ನ ಬಿಡುವುದು, ಆಮೇಲೆ ಹಾಲು, ಕೊನೆಗೆ ನೀರು. ಅದಕ್ಕೂ ಮೊದಲು ಎಲ್ಲರ ಕ್ಷಮೆ ಪಡೆದಿರಬೇಕು. ಮನೆಯವರಲ್ಲಿ ಒಬ್ಬರ ಮನಸ್ಸಿನಲ್ಲಿ ಮುಳ್ಳು ಉಳಿದರೂ ತಾನು ವ್ರತ ಕೊಡುವುದಿಲ್ಲ ಅಂದರು. ಹಾಗೆ ಅನ್ನುವಾಗ ನನ್ನ ಕಡೆಗೇ ನೋಡಿದರು.

ಅಪ್ಪ ನನ್ನೆದುರು ಕೈ ಮುಗಿದರು. ಎಡಗೈಯ ಕಿರುಬೆರಳು ಸೊಟ್ಟಗಿರುವುದರಿಂದ ಅವರು ಮುಗಿದ ಕೈಗಳು ಪೂರ್ತಿ ಸೇರುವುದಿಲ್ಲ. ಮಧ್ಯೆ ಒಂದು ಸಂದು ಉಳಿಯುತ್ತದೆ.

"ತಿಳಿದೋ ತಿಳಿಯದೆಯೋ ನಿನಗೆ ಮಾಡಿದ ತಪ್ಪನ್ನೆಲ್ಲ ಕ್ಷಮಿಸಪ್ಪ."

"ಯಾವ ತಪ್ಪು?" ಅಂದೆ. ಎರಡು ವರ್ಷದಲ್ಲಿ ಅವರೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಅಪ್ಪ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಹಾಲಿನ ಲಕ್ಕಮ್ಮನಿಗೆ ಹೇಳಿದ ಮಾತನ್ನೇ ನನಗೂ ಹೇಳಿದರೆ ನಾನು ಯಾವುದನ್ನು ಕ್ಷಮಿಸಲಿ? ಅವರು ನನಗೆ ಮಾಡಿದ್ದಕ್ಕೆ ದಿನ ಇದೆ, ಜಾಗ ಇದೆ. 1940ರ ಡಿಸೆಂಬರ್, ಹಾಸನದ ಮೈದಾನ. ನಾನು ಐದನೇ ಫಾರಂ. ಗೋಲು ಕಾಯುತ್ತಿದ್ದೆ. ಅಪ್ಪ ರುಮಾಲು, ಕೋಟು, ಕೊಡೆಯ ಸಮೇತ ಆಟದ ಮಧ್ಯೆ ನಡೆದು ಬಂದು ಕಿವಿ ಹಿಡಿದರು. ಚರ್ಮದ ಚೆಂಡು ಮುಟ್ಟಿದ ಕೈ ಎಂದು ಕೊಳದ ಹತ್ತಿರ ಕೂರಿಸಿ, ಚೊಂಬು ತಿಕ್ಕುವ ಹಾಗೆ ಮಣ್ಣು ಹಾಕಿ ನನ್ನ ಕೈ ತಿಕ್ಕಿದರು. ಎರಡೂ ತಂಡದವರು ನಿಂತು ನಗುತ್ತಿದ್ದರು. ಮಾರನೆಯ ದಿನದಿಂದ ನಾನು ಸ್ಕೂಲಿಗೆ ಹೋಗಲಿಲ್ಲ.

ಅಮ್ಮ ಅಡುಗೆಮನೆಯಲ್ಲಿ ನನ್ನನ್ನು ಹಿಡಿದುಕೊಂಡರು. "ಒಂದು ಮಾತು ಶಾಂತೂ. ಬಾಯಲ್ಲಿ ಹೇಳಿಬಿಡು. ಮನಸ್ಸಲ್ಲಿ ಏನು ಬೇಕಾದ್ರೂ ಇಟ್ಕೋ."

"ಸುಳ್ಳು ಕ್ಷಮೆ ತಗೊಂಡು ಅಪ್ಪ ಏನು ಮಾಡ್ತಾರೆ?"

"ಸಾಯ್ತಾರೆ" ಅಂದರು ಅಮ್ಮ. "ನೆಮ್ಮದಿಯಾಗಿ ಸಾಯ್ತಾರೆ."

ಆದರೂ ಕ್ಷಮಿಸಿದೆ ಅನ್ನಲಿಲ್ಲ.

ಹಾಸನ
15 ಜನವರಿ, ಶುಕ್ರವಾರ

ಈ ಮನೆ ಬಿಟ್ಟು ಹೋಗದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ. ಇವತ್ತು ಒಂದು ಬಾಗಿಲು ಕಂಡಿತು.

ವಕೀಲ ಗೌರೀಶಂಕರ ಅವರು ಕಾಗದ ಬರೆದು ಕರೆಸಿದ್ದರು. ಮೈಸೂರಿನಲ್ಲಿ ಅವರು ಓದಿದ ಕಾಲೇಜಿನ ಹಳೇ ವಿದ್ಯಾರ್ಥಿಗಳ ಸಂಘಕ್ಕೆ ಈಗ ಅವರೇ ಕಾರ್ಯದರ್ಶಿ. 1912ರಲ್ಲಿ ಆ ಕಾಲೇಜಿನ ಹುಡುಗರು ಬೆಂಗಳೂರಿಗೆ ಹೋಗಿ, ಬೂಟು ಹಾಕಿದ ಗೋರಾ ಸೋಲ್ಜರುಗಳ ತಂಡವನ್ನು ಬರಿಗಾಲಲ್ಲಿ ಸೋಲಿಸಿ ಕಪ್ಪು ತಂದರಂತೆ. ಒಂದಕ್ಕೆ ಸೊನ್ನೆ. ಅದಕ್ಕೆ ಮೂವತ್ತು ವರ್ಷ ತುಂಬಿತೆಂದು ಪುಸ್ತಕ ಮಾಡುತ್ತಿದ್ದಾರೆ. ಹನ್ನೊಂದು ಜನರಲ್ಲಿ ಮೂವರು ನಮ್ಮ ಜಿಲ್ಲೆಯವರು. ಎಲ್ಲಿದ್ದಾರೆ, ಹೇಗಿದ್ದಾರೆ, ಆ ದಿನ ಏನು ನಡೆಯಿತು, ಎಲ್ಲವನ್ನೂ ಕೇಳಿ ಬರೆದು ತರಬೇಕು.

"ನಾನೇ ಯಾಕೆ ಸಾರ್?" ಅಂದೆ.

"ಅವತ್ತು ನಿಮ್ಮಪ್ಪ ನಿನ್ನ ಕಿವಿ ಹಿಡಿದು ಎಳ್ಕೊಂಡು ಹೋದಾಗ ನಾನು ಲೈನಿನ ಪಕ್ಕದಲ್ಲೇ ಇದ್ದೆ ಕಣಯ್ಯ. ಆಟ ನೋಡಿದ್ದೆ. ಅಲ್ಲದೆ ನೀನು ಸುಳ್ಳು ಬರೆಯೋನಲ್ಲ ಅಂತ ನಿಮ್ಮ ಹೆಡ್‌ಮಾಸ್ತರು ಹೇಳಿದ್ರು. ಹೊಗಳಿ ಹೇಳಲಿಲ್ಲ, ಬೇಜಾರಿನಲ್ಲಿ ಹೇಳಿದ್ರು."

ಕೆಲಸ ಚೆನ್ನಾಗಿ ಮುಗಿಸಿಕೊಟ್ಟರೆ ಕಾಲೇಜಿನ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ನನ್ನ ಹೆಸರು ಹೇಳುತ್ತಾರಂತೆ. ಮೈಸೂರು. ಮೈದಾನದ ಅಂಚಿನಲ್ಲೇ ಒಂದು ಕೋಣೆ. ದಿನಾ ಆಟ. ಚೆಂಡಿಗೆ ಗಾಳಿ ತುಂಬುವುದು, ಸುಣ್ಣದ ಗೆರೆ ಎಳೆಯುವುದು. ಹೇಳುತ್ತ ಹೇಳುತ್ತ ಅವರು ಫೋಟೋ ಕೊಟ್ಟರು. ಹನ್ನೊಂದು ಜನ, ಯಾರ ಕಾಲಲ್ಲೂ ಏನೂ ಇಲ್ಲ. ಕೆಳಗೆ ಬಿಳಿ ಮಸಿಯಲ್ಲಿ ಹೆಸರುಗಳು. ಫಾರ್ವರ್ಡ್ ಬೈರಯ್ಯ, ಅರಕಲಗೂಡು. ಹಾಫ್‌ಬ್ಯಾಕ್ ರಾಮಣ್ಣ, ಹೊಳೆನರಸೀಪುರ. ಗೋಲ್‌ಕೀಪರ್ ಎನ್. ಕೃಷ್ಣಪ್ಪ, ನುಗ್ಗೇಹಳ್ಳಿ. ಗೋಲ್‌ಕೀಪರ್ ಹಿಂದಿನ ಸಾಲಿನ ತುದಿಯಲ್ಲಿ ನಿಂತಿದ್ದಾನೆ. ಫೋಟೋ ಹಿಡಿಯುವಾಗ ತಲೆ ಅಲ್ಲಾಡಿಸಿರಬೇಕು. ಮುಖದ ಜಾಗದಲ್ಲಿ ಬರೀ ಹೊಗೆ.

ದೀಪ ಹಚ್ಚಿದ ಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ದೋಸೆ ತಿಂದೆ. ಹಸಿವಿರಲಿಲ್ಲ. ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಬಾಯಿಗೆ ಒಂದಗುಳು ಹಾಕುವುದಿಲ್ಲ. ಅದಕ್ಕೇ ತಿಂದೆ.

ಹೊಳೆನರಸೀಪುರ
17 ಜನವರಿ, ಭಾನುವಾರ

ರಾಮಣ್ಣನವರು ಡ್ರಿಲ್ ಮಾಸ್ತರಾಗಿ ರಿಟೈರಾಗಿದ್ದಾರೆ. ಎರಡೂ ಕಣ್ಣಿಗೆ ಪೊರೆ. ನದಿಯ ಕಡೆಗೆ ಮುಖ ಮಾಡಿ ಜಗುಲಿಯ ಮೇಲೆ ಕೂತಿದ್ದರು. ನಾನು ಬಂದ ಕಾರಣ ಹೇಳಿದ ಮೇಲೆ ದನಿ ಬಂದ ಕಡೆ ತಿರುಗಿದರು.

"ಮೂವತ್ತು ವರ್ಷದಲ್ಲಿ ಆ ಮ್ಯಾಚಿನ ಬಗ್ಗೆ ಕೇಳ್ಕೊಂಡು ಬಂದವನು ನೀನೊಬ್ಬನೇ. ನನ್ನ ಸ್ವಂತ ಮಗ ನಂಬಲ್ಲ. ಅಪ್ಪ ಬಿಡ್ತಾನೆ ಅಂತಾನೆ."

ಆಟದ ವಿಷಯ ಹೇಳಿದರು. ಮಳೆ ಬಂದು ನೆಲ ಕೆಸರಾಗಿತ್ತು. ಚೆಂಡು ನೀರು ಕುಡಿದು ಕುಂಬಳಕಾಯಿಯಷ್ಟು ಭಾರವಾಗಿತ್ತು. ಗೋಲ್‌ಕೀಪರ್ ವಿಷಯ ಕೇಳಿದೆ. ಅವರ ಮುಖ ಅರಳಿತು.

"ಅವನು ಪಂಚೆ ಹರಿದು ಎರಡೂ ಕೈಗೆ ಪಟ್ಟಿ ಸುತ್ಕೊಂಡು ನಿಂತಿದ್ದ. ಬೆರಳಿನ ತುದಿಯವರೆಗೂ. ಗೋರಾಗಳು ಏಟಾಗಿದೆ ಅಂದ್ಕೊಂಡು ಅವನ ಕೈಗೇ ಗುರಿಯಿಟ್ಟು ಒದ್ದರು. ಒದ್ದೆ ಬಟ್ಟೆಗೆ ಚೆಂಡು ಅಂಟ್ಕೊಂಡ ಹಾಗೆ ನಿಲ್ಲೋದು."

"ಯಾಕೆ ಸುತ್ತಿಕೊಂಡಿದ್ದರು?"

"ಹಾಗೇ" ಅಂದರು ಮಾಸ್ತರು. ಆಮೇಲೆ, "ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಕೊಟ್ಟರು. ಅವರ ಕ್ಯಾಪ್ಟನ್ನೇ ಒದ್ದ. ನಮ್ಮವನು ಬಲಕ್ಕೆ ಹಾರಿದ ನೋಡು. ಹಕ್ಕಿ. ಕಣ್ಣು ಹೋದ ಮೇಲೂ ಅದೊಂದು ಕಾಣ್ತಿದೆ ನಂಗೆ."

ಫೋಟೋದಲ್ಲಿ ಅವರ ಮುಖ ಯಾಕೆ ಹೊಗೆ ಅಂದೆ. ಬೇಕೆಂದೇ ತಲೆ ಅಲ್ಲಾಡಿಸಿದ ಅಂದರು. ಯಾಕೆ ಅಂದೆ. ಹೊಳೆಯ ಕಡೆ ತಿರುಗಿಕೊಂಡರು. ಎದ್ದು ಹೊರಡುವಾಗ ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ತಡವಿ ನೋಡಿದರು.

"ನೀನೂ ಗೋಲಲ್ಲಿ ನಿಲ್ತಿದ್ದೆ."

"ನಿಲ್ಲುತ್ತಿದ್ದೆ."

"ಬಿಡಿಸಿದವರು ಯಾರು?"

ನಮ್ಮಪ್ಪ ಅಂದೆ. ಅವರು ನನ್ನ ಕೈ ಬಿಟ್ಟರು.

ಚನ್ನರಾಯಪಟ್ಟಣ
19 ಜನವರಿ, ಮಂಗಳವಾರ

ಅಪ್ಪನಿಗೆ ಇವತ್ತು ಗಂಜಿಯೂ ಇಳಿಯಲಿಲ್ಲ. ಪಂಡಿತರು ಬಾಗಿಲವರೆಗೆ ಬಂದು ಅಮ್ಮನನ್ನು ಕಣ್ಣಲ್ಲೇ ಕೇಳಿದರು. ಅಮ್ಮ ಇಲ್ಲವೆಂದು ತಲೆಯಾಡಿಸಿದರು. ಪಂಡಿತರು ಹಾಗೇ ಹೊರಟುಹೋದರು. ನನ್ನಿಂದಾಗಿ ಅಪ್ಪ ಸಾಯಲೂ ಆಗದೆ ಬದುಕಲೂ ಆಗದೆ ಬಿದ್ದಿದ್ದಾರೆ ಎಂದು ಬೀದಿಯಲ್ಲೆಲ್ಲ ಮಾತು. ನಿಜ. ಹಾಗೆಂದು ಸುಳ್ಳು ಹೇಳಿದರೆ ಅವರು ಅದನ್ನು ಹೊತ್ತುಕೊಂಡು ಹೋಗುತ್ತಾರೆ.

ಅಮ್ಮ ನನಗೆ ಅನ್ನ ಬಡಿಸುವಾಗ ಮುಖ ನೋಡುವುದಿಲ್ಲ.

ಅರಕಲಗೂಡು
23 ಜನವರಿ, ಶನಿವಾರ

ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ದಾರಿಯಲ್ಲಿ ನಾಲ್ಕು ಸಲ ನಿಂತಿತು. ಎರಡು ಸಲ ಇಳಿದು ನೂಕಿದೆವು.

ಬೈರಯ್ಯನವರದು ಸಂತೆಪೇಟೆಯಲ್ಲಿ ನಶ್ಯದ ಅಂಗಡಿ. ಇಂಟರ್‌ಮೀಡಿಯೆಟ್ ಮುಗಿಸಲಿಲ್ಲವಂತೆ. "ಎಲ್ಲಾ ಕಾಲಲ್ಲೇ ಇತ್ತು ಕಣಪ್ಪ, ತಲೇಲಿ ಏನೂ ಇರ್ನಿಲ್ಲ" ಅಂದರು. ಗಿರಾಕಿಗಳ ಮುಂದೆಯೇ ಬಲಗಾಲನ್ನು ಎತ್ತಿ ಹಲಗೆಯ ಮೇಲೆ ಇಟ್ಟರು.

"ಈ ಎಬ್ಬೆಟ್ಟು ನೋಡು. ಉಗುರಿಲ್ಲ. ಗೋಲು ಒಡ್ದಾಗ ಒಬ್ಬ ಬೂಟಲ್ಲಿ ತುಳ್ದ. ಮುಟ್ಟು, ಮುಟ್ಟು. ಇದ್ಕೆ ಅವತ್ತು ಹೂವಿನ ಹಾರ ಆಕಿದ್ರು. ಇವತ್ತು ನಮ್ಮನೆಯೋಳು ಇದ ಚಾಪೆಗೆ ತಗುಲಿಸ್ಬ್ಯಾಡಿ ಅಂತಾಳೆ."

ನಶ್ಯ ಕೊಳ್ಳಲು ಬಂದವನು, "ಬೈರಣ್ಣ, ಹೋದ ಸಲ ಎಡಗಾಲು ಅಂದಿದ್ದೆ" ಅಂದ. "ನೀನು ಸುಮ್ಕೆ ನಶ್ಯ ಏರಿಸ್ಕಂಡು ಓಗಲಾ" ಅಂದರು ಬೈರಯ್ಯ.

ಗೋಲ್‌ಕೀಪರ್ ಪೆನಾಲ್ಟಿ ಹಿಡಿದದ್ದು ಬಲಕ್ಕೆ ಹಾರಿಯೇ ಎಂದು ಕೇಳಿದೆ.

"ಯಾರಂದೋರು ಬಲಕ್ಕೆ? ಆ ಕುಲ್ಡ ರಾಮಣ್ಣನಾ? ಅವಂಗೆ ಆಗ್ಲೂ ಕಣ್ಣು ಕಾಣ್ತಿರ್ನಿಲ್ಲ. ಎಡಕ್ಕೆ ಆರ್ದ. ನಾಕು ಮಾರು. ಕಿರುಬೆರಳು ಲಟಕ್ ಅಂತು, ನಾನು ಈ ತುದೀಲಿದ್ದೆ, ನಂಗೇ ಕೇಳಿಸ್ತು."

ಆಮೇಲೆ ಅವರ ದನಿ ತಗ್ಗಿತು.

"ಗೆದ್ದ ದಿನ ಒಬ್ರು ಸಾವ್ಕಾರ್ರು ಊಟ ಆಕ್ಸಿದ್ರು. ಗ್ಯಾಸ್‌ಲೈಟು, ಬಾಳೆಲೆ, ಐದು ತರದ ಸಿಹಿ. ಗೆಲ್ಸಿದೋನು ಎಲೆ ಮುಂದೆ ಕೂತ. ಮುಟ್ನಿಲ್ಲ. ಒತ್ತು ಮುಳ್ಗೈತೆ ಅಂದ. ಲೇ, ಇವತ್ತೊಂದಿನ ಸೂರ್ಯಂಗೆ ರಜಾ ಕೊಡ್ಲಾ ಅಂದೆ. ನಕ್ಕ. ಬೆರಳು ಬದ್ನೆಕಾಯಂಗೆ ಊದಿತ್ತು. ಸುಮ್ಕೆ ಕೂತು ನಾವು ತಿನ್ನಾದ ನೋಡ್ತಿದ್ದ. ಒಂದೇ ಒಂದು ಉಂಡೆನ ಕರ್ಚೀಪಲ್ಲಿ ಕಟ್ಕಂಡ, ಬೆಳಗಾದ್ಮೇಲೆ ತಿನ್ತೀನಿ ಅಂತ."

"ಕೃಷ್ಣಪ್ಪನವರು ಒಕ್ಕಲಿಗರಲ್ಲವೇ? ಅವರು ಯಾಕೆ ರಾತ್ರಿ ಊಟ ಬಿಡುತ್ತಾರೆ?"

ಬೈರಯ್ಯನವರು ಕಾಲು ಕೆಳಗಿಳಿಸಿದರು. "ಅದ ನುಗ್ಗೇಳ್ಳಿಗೆ ಓಗಿ ಕೇಳು. ನಾವು ಹತ್ತು ಜನ ಚೆಂಡಿನ ಮ್ಯಾಲೆ ಕೈಯಿಕ್ಕಿ ಆಣೆ ಮಾಡಿದೀವಿ."

ಈಗ ನೆನಪಾಗುತ್ತಿದೆ. ರಾಮಣ್ಣ ಮಾಸ್ತರಾಗಲಿ ಇವರಾಗಲಿ ಗೋಲ್‌ಕೀಪರನ ಹೆಸರನ್ನು ಒಂದು ಸಲವೂ ಎತ್ತಲಿಲ್ಲ.

ಬೈರಯ್ಯನವರ ಮನೆಯಲ್ಲಿ ದೀಪದ ಬೆಳಕಿನಲ್ಲಿ ಊಟ. ತಿಂದೆ. ಸೇರಲಿಲ್ಲ. ಸಾರಿಗೆ ಖಾರ ಹೆಚ್ಚಾಗಿತ್ತು.

ಚನ್ನರಾಯಪಟ್ಟಣ
25 ಜನವರಿ, ಸೋಮವಾರ

ಕಿರುಬೆರಳು ಮುರಿದುಕೊಂಡವರು ಈ ಜಿಲ್ಲೆಯಲ್ಲಿ ನೂರು ಜನ ಇರಬಹುದು. ರಾತ್ರಿ ಉಣ್ಣದ ಮನೆಗಳೂ ನೂರಿವೆ. ಅಪ್ಪನ ಬೆರಳು ತಾಮ್ರದ ಹಂಡೆ ಬಿದ್ದು ಸೊಟ್ಟಗಾದದ್ದು. ಅವರೇ ಹೇಳಿದ್ದಾರೆ. ಮೈಸೂರಿನಲ್ಲಿ ಅವರು ಜೈನ ಹುಡುಗರ ಹಾಸ್ಟೆಲಿನಲ್ಲಿದ್ದು ಸಂಸ್ಕೃತ ಓದುತ್ತಿದ್ದರು. ಕಾಲೇಜಿನ ಮೆಟ್ಟಿಲೇ ಹತ್ತಿಲ್ಲ. ಅದೂ ಅವರೇ ಹೇಳಿದ್ದು.

ಅಪ್ಪ ಸುಳ್ಳು ಹೇಳುವವರಲ್ಲ.

ನುಗ್ಗೇಹಳ್ಳಿ
28 ಜನವರಿ, ಗುರುವಾರ

ಬೆಳಿಗ್ಗೆ ಸೈಕಲ್ಲಿನಲ್ಲಿ ಹೊರಟೆ. ಊರ ಬಾಗಿಲಲ್ಲೇ ಕೃಷ್ಣಪ್ಪನವರ ಮನೆ ಕೇಳಿದರೆ, "ಗೋಲ್ ಕೃಷ್ಣಪ್ಪನಾ?" ಅಂದರು. ತೋಟದಲ್ಲಿ ಮಚ್ಚು ಹಿಡಿದು ತೆಂಗಿನಕಾಯಿ ಸುಲಿಸುತ್ತಿದ್ದರು. ಐವತ್ತು ದಾಟಿದ ದಪ್ಪನೆಯ ಆಳು. ನಾನು ಹಾಸನದ ವಕೀಲರ ಕಡೆಯವನು, ಪುಸ್ತಕಕ್ಕಾಗಿ ಬಂದೆ ಅಂದೆ. ಅವರು ನಗಲು ಶುರುಮಾಡಿದವರು ಕೆಮ್ಮು ಬರುವವರೆಗೆ ನಿಲ್ಲಿಸಲಿಲ್ಲ.

"ನಂಜೀ, ಬಾರಮ್ಮಿ ಇಲ್ಲಿ. ನನ್ನ ಪುಸ್ತಕ್ದಲ್ಲಿ ಆಕ್ತಾರಂತೆ."

ಅವರ ಹೆಂಡತಿ ನಂಜಮ್ಮ ಎಳನೀರು ತಂದುಕೊಟ್ಟು, "ಆ ಪಾಪದ ಕೂಸಿಗಾದ್ರೂ ನಿಜ ಏಳಿ" ಅಂದು ಒಳಗೆ ಹೋದರು.

"ನಾನು ಒಂದು ಚೆಂಡೂ ಇಡ್ದಿಲ್ಲ ಕಣಪ್ಪ" ಅಂದರು ಕೃಷ್ಣಪ್ಪನವರು. "ಕಾಲೇಜ್‌ನಲ್ಲಿ ಗೋಲ್‌ಕೀಪರ್ ನಾನೇ, ದಿಟ. ಮ್ಯಾಚಿಗೆ ಎಂಟು ದಿನ ಐತೆ ಅನ್ನುವಾಗ ನಮ್ಮಕ್ಕನ ಮದ್ವೆ. ಊರಿಗ್ ಬಂದೆ. ಬಂದೋನು ಚಳಿಜ್ವರದಲ್ಲಿ ಮಲಗ್ಬುಟ್ಟೆ. ಅಲ್ಲಿ ಇವ್ರು ಏನ್ ಮಾಡಿದ್ರು? ಮೈದಾನದ ಪಕ್ಕದ ಆಸ್ಟೆಲ್ನಲ್ಲಿ ಒಬ್ಬ ಸಂಸ್ಕೃತದ ಹುಡುಗ ಇದ್ದ. ದಿನಾ ಸಂಜೆ ಬೇಲಿ ಆಚೆ ನಿಂತ್ಕಂಡು, ಬೇಲಿ ದಾಟಿದ ಚೆಂಡ ಇಡ್ದು ವಾಪಸ್ ಎಸೀತಿದ್ದ. ಚರ್ಮ ಮುಟ್ಟಬಾರದಲ್ಲ, ಅದ್ಕೆ ಅಂಗವಸ್ತ್ರದಲ್ಲಿ ಇಡೀತಿದ್ದ. ಒಂದೂ ಬಿಡ್ತಿರ್ನಿಲ್ಲ. ಅವನ್ನೇ ಕರ್ಕಂಡು ಓದ್ರು. ಕಾಲೇಜಿನೋನಲ್ಲ, ಗೊತ್ತಾದ್ರೆ ಕಪ್ಪು ಕಿತ್ಕತಾರೆ. ಅದ್ಕೇ ನನ್ ಎಸ್ರು. ಎಲ್ರೂ ಆಣೆ ಇಕ್ಕಂಡ್ರು. ಆಣೆ ಇಕ್ದಾಗ ನಾನಿರ್ನಿಲ್ಲ. ಅದ್ಕೆ ನಾನೊಬ್ನೇ ಏಳ್ಬೌದು."

"ಅವರು ಯಾರು?"

"ಪಟ್ಟಣದಲ್ಲಿ ಪಾತ್ರೆ ಅಂಗಡಿ ಐತಲ್ಲ. ಭುಜಬಲಯ್ಯ."

ಎಳನೀರಿನ ಬುರುಡೆಯನ್ನು ನೆಲದ ಮೇಲಿಟ್ಟೆ. ಸರಿಯಾಗಿ ನಿಲ್ಲಲಿಲ್ಲ, ಚೆಲ್ಲಿತು.

"ಮೊನ್ನೆ ಶನಿವಾರ ಬಂದಿದ್ದ" ಅಂದರು. "ಗಾಡೀಲಿ ಹುಲ್ಲಾಕಿ ಮಲಗ್ಸಿಕಂಡು ಬಂದಿದ್ರು. ದನಿನೇ ಇಲ್ಲ. ಕಿವಿ ಬಾಯಿಗಿಟ್ಟು ಕೇಳ್ಬೇಕು. ಕೃಷ್ಣಪ್ಪ, ನಿನ್ನ ಎಸ್ರು ಕದ್ದೆ, ಆ ಎಸ್ರಲ್ಲಿ ಸುಳ್ಳು ರುಜು ಹಾಕ್ದೆ, ಕ್ಷಮಿಸು ಅಂದ. ಲೇ, ಕ್ಷಮಿಸಾದೇನ್ಲಾ, ನಿನ್ನಿಂದ ಮೂವತ್ತು ವರ್ಸ ಊರಲ್ಲಿ ಮರ್ವಾದೆ ತಿಂದಿದೀನಿ. ಈಗ್ಲೂ ಕಾಯಿ ಕೆಡವೋರು ಗೋಲ್ ಕೃಷ್ಣಪ್ಪ ಇಡಿ ಅಂತ ಮ್ಯಾಗಿಂದ ಎಸೀತಾರೆ. ಎಲ್ಡು ಸಲ ತಲೆ ಒಡ್ಕಂಡಿದೀನಿ ಅಂದೆ. ನಗಕ್ಕೋದ, ನೋವಾಯ್ತು, ಸುಮ್ನಾದ." ಕೃಷ್ಣಪ್ಪನವರು ಟವೆಲಿನಲ್ಲಿ ಮುಖ ಒರೆಸಿಕೊಂಡರು. "ನಿಂದ್ಯಾವೂರು, ಯಾರ ಮಗ, ಏಳ್ನೇ ಇಲ್ಲವಲ್ಲ?"

"ಶಾಂತಿರಾಜ. ಭುಜಬಲಯ್ಯನವರ ಮಗ."

ಅವರು ಮಚ್ಚನ್ನು ಕಾಯಿಯ ಮೇಲೆ ಊರಿ ನನ್ನನ್ನೇ ನೋಡಿದರು. "ಕ್ಷಮೆ ಕೊಡ್ದೋನು ನೀನೇನಾ?"

ಹೌದು ಅಂದೆ.

ಅಪ್ಪ ಕೃಷ್ಣಪ್ಪನವರಿಗೆ ತಪ್ಪಿನ ಹೆಸರು ಹಿಡಿದು ಹೇಳಿದರು. ನನ್ನ ಮುಂದೆ ಮಾತ್ರ ಮಂತ್ರ. ದಾರಿಯುದ್ದಕ್ಕೂ ಇದೇ ತಲೆಯಲ್ಲಿ. ಚರ್ಮದ ಚೆಂಡು ಹಿಡಿದ ಕೈಯಿಂದಲೇ ನನ್ನ ಕಿವಿ ಹಿಡಿದರು. ಎರಡು ಸಲ ಸೈಕಲ್ಲಿನಿಂದ ಇಳಿದು ರಸ್ತೆಯ ಬದಿ ಕೂತೆ.

ಚನ್ನರಾಯಪಟ್ಟಣ
29 ಜನವರಿ, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಅಪ್ಪ ಒಳಕೋಣೆಯ ಚಾಪೆಯ ಮೇಲೆ ಗೋಡೆಗೆ ಒರಗಿದ್ದರು. ಮೈಯಲ್ಲಿ ಮೂಳೆ ಬಿಟ್ಟು ಏನೂ ಉಳಿದಿಲ್ಲ. ಅಮ್ಮ ಪಕ್ಕದಲ್ಲಿ ಬೀಸಣಿಗೆ ಹಿಡಿದು ಕೂತಿದ್ದರು. ಬೈಯಬೇಕೆಂದು ಸಿದ್ಧಮಾಡಿಕೊಂಡು ಹೋದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ಅಪ್ಪಾ, ರಾಮಣ್ಣ ಮಾಸ್ತರು ನೀವು ಬಲಕ್ಕೆ ಹಾರಿದ್ರಿ ಅಂತಾರೆ. ಬೈರಯ್ಯನವರು ಎಡಕ್ಕೆ ಅಂತಾರೆ. ಯಾವುದು ನಿಜ?"

ಅಮ್ಮನ ಬೀಸಣಿಗೆ ನಿಂತಿತು. "ಯಾರು ಹಾರಿದ್ದು? ಎಲ್ಲಿಂದ ಹಾರಿದ್ದು?"

ಅಪ್ಪ ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಅಂದುಕೊಂಡೆ. ಆಮೇಲೆ ಹತ್ತಿರ ಬಾ ಎಂದು ಬೆರಳು ಅಲ್ಲಾಡಿಸಿದರು. ನಾನು ಕಿವಿಯನ್ನು ಅವರ ಬಾಯಿಯ ಹತ್ತಿರ ಇಟ್ಟೆ. ಅವರು ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು ಹೇಳಿದರು.

"ಹಾರಲಿಲ್ಲ. ನಿಂತಲ್ಲೇ ನಿಂತಿದ್ದೆ. ಭಯಕ್ಕೆ ಕಾಲು ಏಳಲಿಲ್ಲ. ಚೆಂಡು ತಾನಾಗೇ ಬಂದು ಕೈಗೆ ಬಿತ್ತು."

"ಆದರೆ ಅವರು..."

"ಅವರು ಚೆಂದ ಮಾಡಿ ಹೇಳ್ತಾರೆ. ನೀನು ಹಾಗೆ ಬರೀಬೇಡ."

ನಾನು ನಕ್ಕೆನೋ ಅತ್ತೆನೋ ತಿಳಿಯದು. ಅಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟರು. ಅಷ್ಟು ದಿನದ ಮೇಲೆ ಮೊದಲ ಸಲ. ನಾನು ಕೇಳಿಬಿಟ್ಟೆ.

"ಹಾಗಾದರೆ ಹಾಸನದಲ್ಲಿ ನನ್ನನ್ನು ಯಾಕೆ ಎಳೆದುಕೊಂಡು ಬಂದಿರಿ? ಚರ್ಮ ಅಂದಿರಲ್ಲ. ನೀವು ಹಿಡಿದದ್ದು ಏನು?"

ಅಮ್ಮ ತುಟಿಗೆ ನೀರಿನ ಬಟ್ಟೆ ಒತ್ತಿದರು. ಆಮೇಲೆ ಅಪ್ಪ ಹೇಳಿದರು.

"ಅವತ್ತು ವಸೂಲಿಗೆ ಹಾಸನಕ್ಕೆ ಬಂದಿದ್ದೆ. ಗಲಾಟೆ ಕೇಳಿ ಮೈದಾನದ ಹತ್ತಿರ ನಿಂತೆ. ನೀನು ಒಂದು ಚೆಂಡು ಹಿಡಿದೆ. ಜನ ಕೂಗಿದ್ರು. ಶಾಂತಿರಾಜ, ಶಾಂತಿರಾಜ ಅಂತ. ನಿನ್ನ ಹೆಸರು." ಉಸಿರು ಹಿಡಿಯಿತು. "ಬೆಂಗಳೂರಲ್ಲಿ ನನಗೆ ಐದು ಸಾವಿರ ಜನ ಕೂಗಿದ್ರು. ಕೃಷ್ಣಪ್ಪ ಅಂತ. ಹೊಟ್ಟೆಕಿಚ್ಚು ಕಣಪ್ಪ. ಚರ್ಮ ಅಲ್ಲ, ಶಾಸ್ತ್ರ ಅಲ್ಲ. ಮಗನ ಮೇಲೆ ಹೊಟ್ಟೆಕಿಚ್ಚು. ಅದನ್ನ ಹೇಳಕ್ಕೆ ನಾಚಿಕೆಯಾಗಿ ಮಂತ್ರ ಹೇಳ್ದೆ."

ಇಷ್ಟು ಹೇಳಿ ಕೈ ಮುಗಿಯಲು ನೋಡಿದರು. ಎತ್ತಲು ಶಕ್ತಿಯಿರಲಿಲ್ಲ. ನಾನು ಎರಡೂ ಕೈ ಹಿಡಿದು ಸೇರಿಸಿದೆ. ಸಂದು ಉಳಿಯಿತು. ಆ ಸಂದಿನಲ್ಲಿ ನನ್ನ ಬೆರಳು ಸಿಕ್ಕಿಕೊಂಡಿತ್ತು.

ಕ್ಷಮಿಸಿದ್ದೇನೆ ಅಂದೆ.

ಇದನ್ನು ಬರೆಯುವ ಮುಂಚೆ ಅದು ನಿಜವೇ ಎಂದು ಯೋಚಿಸಿದೆ. ಪೂರ್ತಿ ನಿಜವಲ್ಲ. ಮುಕ್ಕಾಲು. ಮಧ್ಯಾಹ್ನ ಅಪ್ಪನಿಗೆ ಅದನ್ನೂ ಹೇಳಿದೆ. ಅವರು ತಲೆಯಾಡಿಸಿ, "ಮುಕ್ಕಾಲು ಸಾಕು" ಅಂದರು. ಅಮ್ಮ, "ಅಪ್ಪ ಮಗ ಇಬ್ಬರಿಗೂ ದೇವರು ಒಂದೇ ಅಚ್ಚಿನಲ್ಲಿ ನಾಲಿಗೆ ಎರಕ ಹೊಯ್ದಿದಾನೆ" ಅಂದು ಪಂಡಿತರನ್ನು ಕರೆಸಲು ಎದ್ದರು.

ಪಂಡಿತರು ಬರುವ ಮುಂಚೆ ಪುಸ್ತಕದ ವಿಷಯ ಕೇಳಿದೆ. ಹೆಸರು ಹಾಕಿಸಲೇ ಎಂದೆ. "ನಂದು ಬೇಡ. ಕೃಷ್ಣಪ್ಪಂದೂ ಬೇಡ. ಆ ಸುಳ್ಳು ಇನ್ನೊಂದು ಸಲ ಅಚ್ಚಾಗೋದು ಬೇಡ. ಖಾಲಿ ಬಿಡು."

ಹಾಸನ
3 ಫೆಬ್ರವರಿ, ಬುಧವಾರ

ಅಪ್ಪ ವ್ರತ ತೆಗೆದುಕೊಂಡು ಅನ್ನ ಬಿಟ್ಟು ಐದು ದಿನ. ಅವರೇ ನನ್ನನ್ನು ಕಳಿಸಿದರು.

ಗೌರೀಶಂಕರ ಅವರು ನಾನು ಬರೆದದ್ದನ್ನು ಎರಡು ಸಲ ಓದಿದರು. ರಾಮಣ್ಣನವರದು, ಬೈರಯ್ಯನವರದು ಬಹಳ ಚೆನ್ನಾಗಿದೆ ಅಂದರು. ಗೋಲ್‌ಕೀಪರ್ ಎಂಬಲ್ಲಿ ನಾನು ಗೆರೆ ಎಳೆದು ಬಿಟ್ಟಿದ್ದೆ.

"ಇದೇನಯ್ಯ?"

"ಅಲ್ಲಿ ಹೆಸರು ಹಾಕುವ ಹಾಗಿಲ್ಲ ಸಾರ್. ಕೃಷ್ಣಪ್ಪನವರು ಆಡಲಿಲ್ಲ. ಆಡಿದವರಿಗೆ ಹೆಸರು ಬೇಡ."

ಅವರು ಎದ್ದು ಬಾಗಿಲು ಹಾಕಿ ಬಂದರು. ವಕೀಲರಿಗೆ ಮಿಕ್ಕಿದ್ದನ್ನು ಹೇಳಬೇಕಾಗಲಿಲ್ಲ.

"ಖಾಲಿ ಬಿಟ್ಟರೆ ಎಲ್ಲರೂ ಕೇಳ್ತಾರೆ. ಕೇಳಿದರೆ ಕಪ್ಪಿನ ಬುಡಕ್ಕೆ ಬರುತ್ತೆ. ಹತ್ತು ಜನ ಸೇರಿ ಗೆದ್ದರು ಅಂತ ಬರೀಲೇನು? ನೋಡು, ಕೃಷ್ಣಪ್ಪ ಅಂತ ಒಂದು ಪದ. ಮೂವತ್ತು ವರ್ಷದಿಂದ ಇದ್ದದ್ದು. ನೀನು ಹೊಸದಾಗಿ ಸುಳ್ಳು ಹೇಳ್ತಿಲ್ಲ, ಹಳೇದನ್ನ ನಕಲು ಮಾಡ್ತಿದೀಯ. ಬರಿ. ಮುಂದಿನ ತಿಂಗಳು ಮೈಸೂರಿಗೆ ಹೋಗು."

ಮೇಜಿನ ಮೇಲೆ ಲೇಖನಿ ಇಟ್ಟರು. ಕಿಟಕಿಯಿಂದ ಮೈದಾನದ ಮೂಲೆ ಕಾಣುತ್ತಿತ್ತು. ಮೈಸೂರಿನ ಕೋಣೆ, ಸುಣ್ಣದ ಗೆರೆ, ಎಲ್ಲ ನೆನಪಿಗೆ ಬಂತು. ಕೈ ಲೇಖನಿಯ ಹತ್ತಿರ ಹೋಗಿತ್ತು ಎಂಬುದನ್ನೂ ಬರೆದಿಡುತ್ತೇನೆ.

"ಆಗುವುದಿಲ್ಲ ಸಾರ್" ಅಂದೆ.

"ನಿಮ್ಮ ಹೆಡ್‌ಮಾಸ್ತರಿಗೆ ಯಾಕೆ ಬೇಜಾರಾಗಿತ್ತು ಅಂತ ಈಗ ಗೊತ್ತಾಯ್ತು" ಅಂದರು. ಕೋಪದಲ್ಲಿ ಅನ್ನಲಿಲ್ಲ. ಬಾಗಿಲವರೆಗೂ ಬಂದರು. ಕೆಲಸದ ಮಾತು ಇಬ್ಬರೂ ಎತ್ತಲಿಲ್ಲ. ಮುಗಿಯಿತು.

ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಹೋಟೆಲಿನ ಮುಂದೆ ಕೂತಿದ್ದೆ. ಒಳಗೆ ಹೋಗಲಿಲ್ಲ.

ಚನ್ನರಾಯಪಟ್ಟಣ
19 ಫೆಬ್ರವರಿ, ಶುಕ್ರವಾರ

ಅಪ್ಪ ನಿನ್ನೆ ಬೆಳಿಗ್ಗೆ ಹೋದರು. ಎಚ್ಚರವಿತ್ತು. ನಾನು ಕೈ ಹಿಡಿದುಕೊಂಡಿದ್ದೆ.

ಇವತ್ತು ಬೇರೆ ಏನೂ ಬರೆಯಲಾರೆ.

9 ಮೇ, ಭಾನುವಾರ

ಎರಡೂವರೆ ತಿಂಗಳಿಂದ ಇದನ್ನು ತೆರೆದಿರಲಿಲ್ಲ. ಅಂಗಡಿ ನಾನೇ ನೋಡಿಕೊಳ್ಳುತ್ತಿದ್ದೇನೆ. ಹಿತ್ತಾಳೆ ಸಿಗುವುದಿಲ್ಲ, ಎಲ್ಲ ಯುದ್ಧಕ್ಕೆ ಹೋಗುತ್ತದೆ. ಹಳೆಯ ಪಾತ್ರೆಗೆ ಕಲಾಯಿ ಹಾಕಿಸಿ ಕೊಡುತ್ತೇವೆ. ಮೈಸೂರಿನ ಕೆಲಸ ಬೇರೆ ಯಾರಿಗೋ ಆಯಿತಂತೆ. ಕೇಳಿದ ದಿನ ಮಧ್ಯಾಹ್ನವೆಲ್ಲ ಅಂಗಡಿಯ ಹಿಂದೆ ಹೋಗಿ ಕೂತಿದ್ದೆ.

ಇವತ್ತು ಸಂಜೆ ಕೃಷ್ಣಪ್ಪನವರು ಬಂದರು. ಕಂಕುಳಲ್ಲಿ ಪುಸ್ತಕ.

"ನೋಡ್ಲಾ, ಮತ್ತೆ ನಾನೇ ಇಡ್ದಿದೀನಿ" ಅಂದು ಹಾಳೆ ಬಿಚ್ಚಿದರು. ಅದೇ ಫೋಟೋ, ಅದೇ ಹೊಗೆ. ಕೆಳಗೆ ಗೋಲ್‌ಕೀಪರ್ ಎಂಬುದರ ಮುಂದೆ ಹೆಸರು ಇರಬೇಕಾದ ಕಡೆ ಉದ್ದನೆಯ ತೂತು. ಅದರೊಳಗಿಂದ ಅಡಿಯ ಪುಟದ ಅಕ್ಷರಗಳು ಕಾಣುತ್ತಿದ್ದವು.

"ಎಸ್ರಿತ್ತು. ಕಾಯಿ ಸುಲಿಯೋ ಚಾಕುನಲ್ಲಿ ಕತ್ತರಿಸ್ಬುಟ್ಟೆ. ನಿಮ್ಮಪ್ಪ ಖಾಲಿ ಬಿಡು ಅಂದಿದ್ನಂತಲ್ಲ. ವಕೀಲಂಗೆ ಆಗ್ನಿಲ್ಲ, ನಂಗಾಯ್ತು. ಮಡಿಕ್ಕೋ, ನಿಂಗೇ ತಂದಿದ್ದು."

ತೂತಿನೊಳಗೆ ಬೆರಳು ಹಾಕಿ ನೋಡಿದೆ. ಕಿರುಬೆರಳಷ್ಟೇ ಹಿಡಿಯಿತು.

ಹೊತ್ತು ಇಳಿಯುತ್ತಿತ್ತು. ಕೃಷ್ಣಪ್ಪನವರು ಎದ್ದು ಟವೆಲು ಕೊಡವಿ, "ಬಾ, ಓಟ್ಲಲ್ಲಿ ಒಂದು ದೋಸೆ ತಿಂದು ಬರಾನ" ಅಂದರು.

ಬೇಡ, ಮನೆಯಲ್ಲಿ ಊಟ ಆಯಿತು ಅಂದೆ.

"ಇಷ್ಟ್ ಬೇಗ್ನಾ? ಇನ್ನೂ ಬೆಳಕೈತೆ."

ಪೇಟೆಯಲ್ಲಿ ಎಲ್ಲೂ ಸೀಮೆಎಣ್ಣೆ ಸಿಗುತ್ತಿಲ್ಲ, ಬುಡ್ಡಿಗೆ ಹಾಕಲು ಏನೂ ಇಲ್ಲ, ಅದಕ್ಕೇ ಈಗೀಗ ಹೊತ್ತು ಮುಳುಗುವ ಮುಂಚೆ ಮುಗಿಸಿಬಿಡುತ್ತೇನೆ ಎಂದು ವಿವರವಾಗಿ ಹೇಳಿದೆ.

"ಓಟ್ಲಲ್ಲಿ ಗ್ಯಾಸ್‌ಲೈಟ್ ಅಚ್ಚವ್ರಲ್ಲೋ" ಅಂದರು.

ಅದೂ ನಿಜ. ಆದರೆ ನನಗೆ ಹಸಿವಿರಲಿಲ್ಲ. ಕೃಷ್ಣಪ್ಪನವರು ನನ್ನ ಮುಖವನ್ನೇ ನೋಡಿ ನಗಲು ಶುರುಮಾಡಿದರು. ರಸ್ತೆಯ ತಿರುವಿನವರೆಗೂ ನಗುತ್ತಲೇ ಹೋದರು. ಯಾಕೆಂದು ಗೊತ್ತಾಗಲಿಲ್ಲ.